ಮೈಎಸ್‌ಕ್ಯೂಎಲ್ ಪದೇ ಪದೇ ಬೀಳ್ತಿದೆಯಾ? ಆಟೋ ರೀಸ್ಟಾರ್ಟ್ ಹಾಕುವ ಮುಂಚೆ ನೋಡಬೇಕಾದ್ದು

ಮೈಎಸ್‌ಕ್ಯೂಎಲ್ ಅಂದರೆ ಸೈಟ್‌ನ ಮಾಹಿತಿ ಇಟ್ಟುಕೊಳ್ಳುವ ಡೇಟಾಬೇಸ್ ಸರ್ವರ್. ಅದು ಬಿದ್ದಾಗ ಸೈಟ್ ತೆರೆದರೆ "ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್" ಅನ್ನುವ ಬಿಳಿ ಪುಟ. ಲಾಗಿನ್ ಆಗಿ ಸರ್ವಿಸ್ ರೀಸ್ಟಾರ್ಟ್ ಮಾಡುತ್ತೀರಿ, ಸರಿ ಹೋಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ಒಂದು ಸ್ಕ್ರಿಪ್ಟ್ ಬರೆದು ಕ್ರಾನ್‌ಗೆ ಹಾಕಿಬಿಡಿ, ಬಿದ್ದರೆ ತಾನೇ ಏಳುತ್ತದೆ." ಕ್ರಾನ್ ಅಂದರೆ ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಲಿನಕ್ಸ್ ವ್ಯವಸ್ಥೆ.

ಹಾಕಬಹುದು. ಆದರೆ ಆಟೋ ರೀಸ್ಟಾರ್ಟ್ ಕೆಲಸಕ್ಕೆ ಬರುವುದು ಒಂದೇ ಬಗೆಯ ತೊಂದರೆಗೆ: ಪ್ರೊಸೆಸ್ ನಿಜವಾಗಿಯೂ ಸತ್ತಿರಬೇಕು, ಮತ್ತೆ ಎಬ್ಬಿಸಿದರೆ ಅದು ನಿಲ್ಲುವ ಸ್ಥಿತಿಯಲ್ಲಿ ಇರಬೇಕು. ಡಿಸ್ಕ್ ತುಂಬಿದ್ದರೆ, ಕನೆಕ್ಷನ್ ಮುಗಿದಿದ್ದರೆ, ಕಾನ್ಫಿಗ್ ತಪ್ಪಿದ್ದರೆ ರೀಸ್ಟಾರ್ಟ್ ಏನೂ ಮಾಡುವುದಿಲ್ಲ. ಕೆಲವು ಸಲ ಇರುವುದನ್ನೂ ಕೆಡಿಸುತ್ತದೆ. ಅದಕ್ಕೇ ಇಲ್ಲಿ ಮೊದಲು ಲಕ್ಷಣ, ಆಮೇಲೆ ರೀಸ್ಟಾರ್ಟ್.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮೇಲೆ ಓಡುವ ಮೈಎಸ್‌ಕ್ಯೂಎಲ್ ಮತ್ತು ಅದರಿಂದ ಕವಲೊಡೆದ ಮರಿಯಾಡಿಬಿಗೆ. ಸರ್ವಿಸ್ ಹೆಸರು ಉಬುಂಟು, ಡೆಬಿಯನ್‌ನಲ್ಲಿ "ಮೈಎಸ್‌ಕ್ಯೂಎಲ್", ರೆಡ್‌ಹ್ಯಾಟ್ ಕಡೆಯವುಗಳಲ್ಲಿ "ಮೈಎಸ್‌ಕ್ಯೂಎಲ್‌ಡಿ", ಮರಿಯಾಡಿಬಿ ಆದರೆ "ಮರಿಯಾಡಿಬಿ". ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಕೈ ಹಾಕುವ ಮುಂಚೆ

ರೀಸ್ಟಾರ್ಟ್ ಮಾಡಿ ಆಮೇಲೆ ಕಾರಣ ಹುಡುಕುವುದು ಅಂದರೆ ಜ್ವರದ ಮಾತ್ರೆ ನುಂಗಿ ಆಮೇಲೆ ಥರ್ಮಾಮೀಟರ್ ಇಟ್ಟುಕೊಂಡ ಹಾಗೆ. ಯಾವ ಕ್ವೆರಿ ಸಿಕ್ಕಿಹಾಕಿಕೊಂಡಿತ್ತು, ಎಷ್ಟು ಕನೆಕ್ಷನ್ ಇತ್ತು, ಮೆಮೊರಿ ಎಷ್ಟಿತ್ತು, ಎಲ್ಲ ಅಳಿಸಿ ಹೋಗುತ್ತದೆ. ಒಂದೆರಡು ನಿಮಿಷ ತಡವಾದರೂ ಪರವಾಗಿಲ್ಲ, ಇಷ್ಟನ್ನು ನೋಡಿ ಒಂದು ಫೈಲ್‌ಗೆ ಉಳಿಸಿಕೊಳ್ಳಿ.

"ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಮೈಎಸ್‌ಕ್ಯೂಎಲ್" ಕೊಟ್ಟರೆ ಸರ್ವಿಸ್ ಆಕ್ಟಿವ್ ಇದೆಯಾ, ಫೇಲ್ಡ್ ಆಗಿದೆಯಾ, ಅಥವಾ ಇನ್ನೂ ಆಕ್ಟಿವೇಟಿಂಗ್‌ನಲ್ಲೇ ಇದೆಯಾ ಗೊತ್ತಾಗುತ್ತದೆ. ಈ ಮೂರನ್ನೂ ಒಂದೇ ಅಂತ ಓದಬೇಡಿ. ಆಮೇಲೆ "ಡಿಎಫ್ -ಎಚ್" (ಡಿಸ್ಕ್ ಜಾಗ), "ಡಿಎಫ್ -ಐ" (ಇನ್ನೆಷ್ಟು ಫೈಲ್ ಇಡಬಹುದು ಅನ್ನುವ ಐನೋಡ್ ಲೆಕ್ಕ), "ಫ್ರೀ -ಎಮ್" (ಮೆಮೊರಿ). ಕೊನೆಗೆ ಎರರ್ ಲಾಗ್‌ನ ಕಡೆಯ ನೂರು ಸಾಲು. ಉಬುಂಟುವಿನಲ್ಲಿ ಅದು ವಾರ್ ಲಾಗ್ (/var/log) ಕೆಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ ಇರುತ್ತದೆ. ರೆಡ್‌ಹ್ಯಾಟ್‌ನಲ್ಲಿ ವಾರ್ ಲಾಗ್‌ನಲ್ಲೇ "ಮೈಎಸ್‌ಕ್ಯೂಎಲ್‌ಡಿ ಡಾಟ್ ಲಾಗ್" ಹೆಸರಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಎರಡೂ ಕಡೆ ಇಲ್ಲದಿದ್ದರೆ "ಜರ್ನಲ್‌ಸಿಟಿಎಲ್ -ಯು ಮೈಎಸ್‌ಕ್ಯೂಎಲ್".

ಲಾಗ್ ಓದುವಾಗ ಗಡಿಯಾರ ನೆನಪಿರಲಿ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಇರುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 7:30ಕ್ಕೆ ಸೈಟ್ ಬಿದ್ದಿದ್ದರೆ ಲಾಗ್‌ನಲ್ಲಿ ರಾತ್ರಿ 2:00ರ ಸಾಲು ಹುಡುಕಬೇಕು. ಇದನ್ನು ಮರೆತು "ಆ ಹೊತ್ತಿಗೆ ಲಾಗ್‌ನಲ್ಲಿ ಏನೂ ಇಲ್ಲ" ಅನ್ನುವವರು ಬಹಳ ಜನ.

ಸರ್ವಿಸ್ ಆಕ್ಟಿವ್ ಅಂತಿದೆ, ಆಪ್ ಮಾತ್ರ ಡೇಟಾಬೇಸ್ ಸಿಗುತ್ತಿಲ್ಲ ಅನ್ನುತ್ತದೆ

ಆಪ್ ಕೊಡುವ ಎರರ್ ನಂಬರ್ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು, ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

2002 ಬಂದರೆ ಸಾಮಾನ್ಯವಾಗಿ ಅದೇ ಮಷಿನ್‌ನಲ್ಲಿ ಸಾಕೆಟ್ ಫೈಲ್ ಮೂಲಕ ಸಂಪರ್ಕ ಆಗುತ್ತಿಲ್ಲ. ಸರ್ವರ್ ಸತ್ತಿರಬಹುದು, ಅಥವಾ ಆಪ್ ಬೇರೆ ಜಾಗದಲ್ಲಿ ಸಾಕೆಟ್ ಹುಡುಕುತ್ತಿರಬಹುದು. ಮೈಎಸ್‌ಕ್ಯೂಎಲ್‌ಗೆ "ಲೋಕಲ್‌ಹೋಸ್ಟ್" ಅಂದರೆ ಸಾಕೆಟ್, "127.0.0.1" ಅಂದರೆ ಟಿಸಿಪಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಸರ್ವರ್ ಚೆನ್ನಾಗಿಯೇ ಇದೆ, ದಾರಿ ತಪ್ಪಿದೆ ಅಷ್ಟೇ.

2003 ಬಂದರೆ ನೆಟ್‌ವರ್ಕ್ ಕಡೆ ನೋಡಿ. ಜೊತೆಗೆ 111 ಅಂತ ಇದ್ದರೆ ಆ ಪೋರ್ಟ್‌ನಲ್ಲಿ ಯಾರೂ ಕಿವಿಗೊಟ್ಟಿಲ್ಲ. 110 ಇದ್ದರೆ ನಡುವೆ ಫೈರ್‌ವಾಲ್ ಸುಮ್ನೆ ನುಂಗುತ್ತಿರುವ ಸಾಧ್ಯತೆ ಜಾಸ್ತಿ. "ಎಸ್‌ಎಸ್ -ಎಲ್‌ಟಿಎನ್‌ಪಿ" ಕೊಟ್ಟು 3306 ಯಾವ ವಿಳಾಸಕ್ಕೆ ಅಂಟಿಕೊಂಡಿದೆ ನೋಡಿ. ಉಬುಂಟುವಿನಲ್ಲಿ ಮೊದಲಿಗೆ ಅದು 127.0.0.1ಕ್ಕೆ ಮಾತ್ರ ಇರುತ್ತದೆ, ಹೊರಗಿನ ಮಷಿನ್‌ಗೆ ಸಿಗುವುದಿಲ್ಲ. ಅದನ್ನು ತೆಗೆಯಲು ಹೊರಟಿದ್ದರೆ, ಇಡೀ ಇಂಟರ್‌ನೆಟ್‌ಗೆ 3306 ತೆರೆದಿಡಬೇಡಿ. ಖಾಸಗಿ ನೆಟ್‌ವರ್ಕ್‌ನ ವಿಳಾಸಕ್ಕಷ್ಟೇ ಕೊಡಿ.

1045 ಅಂದರೆ ಪಾಸ್‌ವರ್ಡ್ ಅಥವಾ ಯೂಸರ್ ತಪ್ಪು. ಸರ್ವರ್ ಬದುಕಿದೆ ಅನ್ನುವುದಕ್ಕೆ ಇದೇ ಪುರಾವೆ.

1040, ಅಂದರೆ ಕನೆಕ್ಷನ್ ಜಾಸ್ತಿಯಾಗಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಬದಲಿಸದಿದ್ದರೆ ಮಿತಿ 151. ಅದರ ಮೇಲೆ ಇನ್ನೊಂದನ್ನು ಅಡ್ಮಿನ್‌ಗೆ ಅಂತ ಎತ್ತಿಟ್ಟಿರುತ್ತದೆ, ಮಿತಿ ತುಂಬಿದರೂ ನೀವು ಒಳಗೆ ಹೋಗಿ ನೋಡಲಿ ಅಂತ. ಆದರೆ ಆಪ್ ಕೂಡ ರೂಟ್ ಯೂಸರ್‌ನಲ್ಲೇ ಓಡುತ್ತಿದ್ದರೆ ಆ ಒಂದು ಜಾಗವನ್ನೂ ಅದೇ ತಿಂದಿರುತ್ತದೆ. ಆಪ್‌ಗೆ ಬೇರೆ ಯೂಸರ್ ಮಾಡಿ ಅನ್ನುವುದಕ್ಕೆ ಸೆಕ್ಯೂರಿಟಿ ಬಿಟ್ಟು ಇದೂ ಒಂದು ಕಾರಣ. ಒಳಗೆ ಹೋಗಲು ಆದರೆ "ಶೋ ಫುಲ್ ಪ್ರೊಸೆಸ್‌ಲಿಸ್ಟ್" ನೋಡಿ. ಬಹುಪಾಲು ಸಾಲು "ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್" ಅಂತಿದ್ದರೆ ಯಾರೋ ಟೇಬಲ್‌ಗೆ ಕಾಲಮ್ ಸೇರಿಸಲು ಹೊರಟಿದ್ದಾರೆ, ಅವರ ಮುಂದೆ ಒಂದು ಹಳೆಯ ಟ್ರಾನ್ಸಾಕ್ಷನ್ ಮುಗಿಯದೆ ಕೂತಿದೆ. ಆ ಒಂದನ್ನು ಕಿಲ್ ಮಾಡಿದರೆ ಸಾಕು, ಇಡೀ ಸರ್ವರ್ ಕೆಡವಬೇಕಿಲ್ಲ. ಬಹುಪಾಲು "ಸ್ಲೀಪ್" ಅಂತಿದ್ದರೆ ಆಪ್ ಕನೆಕ್ಷನ್ ತೆರೆದು ಮುಚ್ಚುತ್ತಿಲ್ಲ. ಮಿತಿಯನ್ನು 151ರಿಂದ 1000ಕ್ಕೆ ಏರಿಸಿ ಕೈ ತೊಳೆದುಕೊಂಡರೆ ಮುಂದಿನ ವಾರ ಮೆಮೊರಿ ತುಂಬಿ ಬೀಳುತ್ತದೆ.

1129 ಬಂದರೆ ತಮಾಷೆ ಬೇರೆಯೇ ಇದೆ. ಅದನ್ನು ಮಾನಿಟರ್ ಭಾಗದಲ್ಲಿ ಹೇಳುತ್ತೇನೆ.

ಬೆಳಿಗ್ಗೆ ಮೊದಲ ಲಾಗಿನ್‌ಗೆ ಎರರ್, ರಿಫ್ರೆಶ್ ಮಾಡಿದರೆ ಸರಿ

"ಸರ್ವರ್ ಹ್ಯಾಸ್ ಗಾನ್ ಅವೇ", ನಂಬರ್ 2006. ಹೆಸರು ಕೇಳಿ ಸರ್ವರ್ ಬಿದ್ದಿತ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. "ಮೈಎಸ್‌ಕ್ಯೂಎಲ್‌ಅಡ್ಮಿನ್ ಸ್ಟೇಟಸ್" ಕೊಟ್ಟು ಅಪ್‌ಟೈಮ್ ನೋಡಿ. ಅದು ಸೆಕೆಂಡ್‌ಗಳಲ್ಲಿ ಇರುತ್ತದೆ, 86400 ಅಂದರೆ ಒಂದು ದಿನ. ಅಪ್‌ಟೈಮ್ ವಾರಗಟ್ಟಲೆ ಇದ್ದರೆ ಸರ್ವರ್ ಎಲ್ಲಿಗೂ ಹೋಗಿಲ್ಲ. ಎಂಟು ಗಂಟೆ ಮಾತಿಲ್ಲದೆ ಕೂತ ಕನೆಕ್ಷನ್ ಅನ್ನು ಮೈಎಸ್‌ಕ್ಯೂಎಲ್ ತಾನೇ ಮುಚ್ಚುತ್ತದೆ, ವೇಟ್ ಟೈಮ್‌ಔಟ್ 28800 ಸೆಕೆಂಡ್. ರಾತ್ರಿಯಿಡೀ ಯಾರೂ ಬಳಸದ ಆಫೀಸ್ ಸಾಫ್ಟ್‌ವೇರ್‌ನಲ್ಲಿ ಇದು ಸಾಮಾನ್ಯ. ಆಪ್‌ನ ಕನೆಕ್ಷನ್ ಪೂಲ್‌ನಲ್ಲಿ, ಬಳಸುವ ಮುಂಚೆ ಕನೆಕ್ಷನ್ ಬದುಕಿದೆಯಾ ಅಂತ ನೋಡುವ ಸೆಟ್ಟಿಂಗ್ ಹಾಕಿ. ರೀಸ್ಟಾರ್ಟ್‌ಗೆ ಇಲ್ಲಿ ಕೆಲಸವೇ ಇಲ್ಲ.

ಇದಕ್ಕೆ ಹತ್ತಿರದ ಇನ್ನೊಂದು: ದಿನದ ಮಧ್ಯೆ, ಸುಮಾರು 11:30ರಿಂದ 12:30ರ ಒಳಗೆ, ಅಪರೂಪಕ್ಕೊಮ್ಮೆ ಕೆಲವೇ ಸೆಕೆಂಡ್ ಕನೆಕ್ಷನ್ ತಪ್ಪುತ್ತದೆ. ಉಬುಂಟುವಿನ ತಾನೇ ತಾನಾಗಿ ಅಪ್‌ಡೇಟ್ ಆಗುವ ಕೆಲಸ ಬೆಳಿಗ್ಗೆ 6ಕ್ಕೆ, ಒಂದು ಗಂಟೆಯೊಳಗೆ ಯಾವಾಗ ಬೇಕಾದರೂ ಶುರುವಾಗುತ್ತದೆ. ಸರ್ವರ್ ಯುಟಿಸಿಯಲ್ಲಿದ್ದರೆ ಆ 6 ಗಂಟೆ ನಮಗೆ 11:30. ಮೈಎಸ್‌ಕ್ಯೂಎಲ್ ಪ್ಯಾಕೇಜ್ ಹೊಸದಾದ ದಿನ ಸರ್ವಿಸ್ ಕೂಡ ರೀಸ್ಟಾರ್ಟ್ ಆಗುತ್ತದೆ. ಪ್ಯಾಕೇಜ್ ಹಾಕುವ ಆಪ್ಟ್‌ನ ಹಿಸ್ಟರಿ ಲಾಗ್ ನೋಡಿದರೆ ಖಚಿತವಾಗುತ್ತದೆ. ಅಪ್‌ಡೇಟ್ ನಿಲ್ಲಿಸಬೇಡಿ, ಟೈಮರ್‌ನ ಹೊತ್ತು ಬದಲಿಸಿ.

ತಾನೇ ಸತ್ತಿದೆ, ಎರರ್ ಲಾಗ್‌ನಲ್ಲಿ ಮಾತ್ರ ಒಂದು ಸಾಲೂ ಇಲ್ಲ

ಚಿಕ್ಕ ವಿಪಿಎಸ್‌ಗಳಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಎಲ್ಲಕ್ಕಿಂತ ಹೆಚ್ಚು ಕಾಣುವ ಲಕ್ಷಣ ಇದು. ಮೈಎಸ್‌ಕ್ಯೂಎಲ್ ತಾನಾಗಿ ನಿಂತರೆ ಲಾಗ್‌ನಲ್ಲಿ ಶಟ್‌ಡೌನ್ ಅಂತ ಬರೆಯುತ್ತದೆ. ತನ್ನದೇ ದೋಷದಿಂದ ಕ್ರ್ಯಾಶ್ ಆದರೆ ಉದ್ದನೆಯ ಸ್ಟ್ಯಾಕ್ ಟ್ರೇಸ್ ಕಾರುತ್ತದೆ. ಎರಡೂ ಇಲ್ಲದೆ, ಮಾಮೂಲಿ ಸಾಲಿನ ಮುಂದೆ ನೇರವಾಗಿ ಹೊಸ ಸ್ಟಾರ್ಟ್‌ನ ಸಾಲು ಇದ್ದರೆ, ಹೊರಗಿನಿಂದ ಯಾರೋ ಕೊಂದಿದ್ದಾರೆ. ಆ ಯಾರೋ ಸಾಮಾನ್ಯವಾಗಿ ಕರ್ನಲ್‌ನ ಓಓಎಮ್ ಕಿಲ್ಲರ್, ಅಂದರೆ ಮೆಮೊರಿ ಪೂರ್ತಿ ಮುಗಿದಾಗ ಯಾವುದಾದರೂ ಪ್ರೊಸೆಸ್ ಕೊಂದು ಜಾಗ ಮಾಡುವ ವ್ಯವಸ್ಥೆ. ಮಷಿನ್ನೇ ಕರೆಂಟ್ ಹೋಗಿ ಆಫ್ ಆಗಿದ್ದರೂ ಲಾಗ್ ಹೀಗೇ ಕಾಣುತ್ತದೆ, ಹಾಗಾಗಿ ಮೊದಲು "ಅಪ್‌ಟೈಮ್" ಕೊಟ್ಟು ಮಷಿನ್ ಎಷ್ಟು ಹೊತ್ತಿನಿಂದ ಎದ್ದಿದೆ ನೋಡಿಬಿಡಿ.

ಆಮೇಲೆ "ಡಿಎಂಇಎಸ್‌ಜಿ -ಟಿ" (ಟಿ ದೊಡ್ಡಕ್ಷರ) ಕೊಟ್ಟು "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್" ಅನ್ನುವ ಸಾಲು ಹುಡುಕಿ. ಮಷಿನ್ ಈ ನಡುವೆ ರೀಬೂಟ್ ಆಗಿದ್ದರೆ "ಜರ್ನಲ್‌ಸಿಟಿಎಲ್ -ಕೆ -ಬಿ -1". ಡಾಕರ್‌ನಲ್ಲಿ ಆದರೆ ಕಂಟೇನರ್ 137 ಕೋಡ್‌ನಿಂದ ನಿಂತಿರುತ್ತದೆ. 128ಕ್ಕೆ 9 ಸೇರಿಸಿದ್ದು ಅದು, 9 ಅಂದರೆ ಕಿಲ್ ಸಿಗ್ನಲ್.

ಈಗ ಗಮನಿಸಬೇಕಾದ್ದು: ಸತ್ತದ್ದು ಮೈಎಸ್‌ಕ್ಯೂಎಲ್, ಮೆಮೊರಿ ತಿಂದದ್ದೂ ಅದೇ ಆಗಬೇಕಿಲ್ಲ. ಓಓಎಮ್ ಕಿಲ್ಲರ್ ಹೆಚ್ಚಾಗಿ ಅತಿ ದಪ್ಪ ಪ್ರೊಸೆಸ್ ಅನ್ನೇ ಆರಿಸುತ್ತದೆ. ಒಂದು ಜಿಬಿ ಮೆಮೊರಿಯ ಮಷಿನ್‌ನಲ್ಲಿ ಅದು ಡೇಟಾಬೇಸ್ ಆಗಿರುತ್ತದೆ. ನಿಜವಾದ ತಪ್ಪು ಪಿಎಚ್‌ಪಿಯ ಮೂವತ್ತು ನಲವತ್ತು ಮಕ್ಕಳದ್ದು, ಅಂದರೆ ಚೈಲ್ಡ್ ಪ್ರೊಸೆಸ್‌ಗಳದ್ದು, ಇರಬಹುದು. ಆ ಸಾಲಿನ ಮೇಲೆ ಕರ್ನಲ್ ಆ ಕ್ಷಣದ ಎಲ್ಲ ಪ್ರೊಸೆಸ್‌ಗಳ ಪಟ್ಟಿಯನ್ನೂ ಬರೆದಿರುತ್ತದೆ. ಅದನ್ನು ಕೂಡಿಸಿ ನೋಡಿ. ಅಲ್ಲಿ ಲೆಕ್ಕ ಪುಟಗಳಲ್ಲಿ ಇರುತ್ತದೆ, ಮಾಮೂಲಿ ಮಷಿನ್‌ನಲ್ಲಿ ಒಂದು ಪುಟ ಅಂದರೆ ನಾಲ್ಕು ಕೆಬಿ.

ಪರಿಹಾರದ ಕ್ರಮ ನನ್ನ ಪ್ರಕಾರ ಹೀಗೆ. ಮೊದಲು ಪಿಎಚ್‌ಪಿ-ಎಫ್‌ಪಿಎಮ್‌ನ ಮ್ಯಾಕ್ಸ್ ಚಿಲ್ಡ್ರನ್ ಇಳಿಸಿ, ಅಥವಾ ಅಪಾಚಿಯ ವರ್ಕರ್ ಸಂಖ್ಯೆ ಇಳಿಸಿ. ಆಮೇಲೆ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಎಂಜಿನ್) ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್ ನೋಡಿ. ಏನೂ ಮುಟ್ಟದಿದ್ದರೆ ಅದು 128 ಎಂಬಿ. "ಮೆಮೊರಿಯ 70ರಿಂದ 80 ಪರ್ಸೆಂಟ್ ಕೊಡಿ" ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಡೇಟಾಬೇಸ್ ಒಂದೇ ಇರುವ ಮಷಿನ್‌ಗೆ. ವೆಬ್ ಸರ್ವರ್, ಪಿಎಚ್‌ಪಿ ಎಲ್ಲ ಒಂದೇ ಮನೆಯಲ್ಲಿದ್ದಾಗ ಆ ಲೆಕ್ಕ ಹಾಕಿದರೆ ಓಓಎಮ್ ಅನ್ನು ಕರೆದು ಕೂರಿಸಿದಂತೆ. ಮೂರನೆಯದು ಸ್ವಾಪ್: ಒಂದೆರಡು ಜಿಬಿಯ ಸ್ವಾಪ್ ಫೈಲ್ ಇದ್ದರೆ ಹಠಾತ್ ಏರಿಕೆ ತಡೆಯುತ್ತದೆ, ದಿನವಿಡೀ ಸ್ವಾಪ್‌ನಲ್ಲೇ ಬದುಕುವ ಹಾಗಾದರೆ ನಿಧಾನ ಆಗುತ್ತದೆ. ದುಡ್ಡು ಕೊಟ್ಟು ಮೆಮೊರಿ ಏರಿಸುವುದು ಕೊನೆಗೆ.

ಆಟೋ ರೀಸ್ಟಾರ್ಟ್‌ಗೆ ಇದು ಸರಿಯಾದ ಜಾಗ. ಪ್ರೊಸೆಸ್ ಸತ್ತಿದೆ, ಎಬ್ಬಿಸಿದರೆ ನಿಲ್ಲುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಹೀಗೆ ಎದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಅಪಾಯ. "ಸಿಸ್ಟಮ್‌ಸಿಟಿಎಲ್ ಶೋ -ಪಿ ಎನ್‌ರೀಸ್ಟಾರ್ಟ್ಸ್ ಮೈಎಸ್‌ಕ್ಯೂಎಲ್" ಕೊಟ್ಟರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ತಾನಾಗಿ ಎಷ್ಟು ಸಲ ಎಬ್ಬಿಸಿದೆ ಅನ್ನುವ ಲೆಕ್ಕ ಸಿಗುತ್ತದೆ.

ಓದಲು ಬರುತ್ತದೆ, ಸೇವ್ ಆಗುವುದಿಲ್ಲ, ಎಲ್ಲ ಸುತ್ತುತ್ತಾ ಕೂರುತ್ತದೆ

"ಡಿಎಫ್ -ಎಚ್"ನಲ್ಲಿ ಡೇಟಾ ಇರುವ ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದೆಯಾ? ಇಲ್ಲದಿದ್ದರೆ "ಡಿಎಫ್ -ಐ" ನೋಡಿ. ಲಕ್ಷಗಟ್ಟಲೆ ಪುಟ್ಟ ಸೆಷನ್ ಫೈಲ್‌ಗಳಿದ್ದರೆ ಜಾಗ ಇದ್ದೂ ಐನೋಡ್ ಮುಗಿದಿರುತ್ತದೆ.

ಡಿಸ್ಕ್ ತುಂಬಿದರೆ ಮೈಎಸ್‌ಕ್ಯೂಎಲ್ ಸಾಯುವುದಿಲ್ಲ, ಕಾಯುತ್ತದೆ. ನಿಮಿಷಕ್ಕೊಮ್ಮೆ ಜಾಗ ಬಂತಾ ಅಂತ ನೋಡುತ್ತದೆ, ಹತ್ತು ನಿಮಿಷಕ್ಕೊಮ್ಮೆ ಎರರ್ ಲಾಗ್‌ನಲ್ಲಿ ಬರೆಯುತ್ತದೆ. ನೀವು ಜಾಗ ಮಾಡಿಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇಂಥ ಹೊತ್ತಲ್ಲಿ ರೀಸ್ಟಾರ್ಟ್ ಮಾಡಿದರೆ, ಏಳಲು ಬೇಕಾದ ಜಾಗವೂ ಇಲ್ಲದೆ ಎದ್ದೇ ಏಳದಿರಬಹುದು. ಅಂದರೆ ಅರ್ಧ ಕೆಲಸ ಮಾಡುತ್ತಿದ್ದ ಸರ್ವರ್ ಪೂರ್ತಿ ಬಿತ್ತು.

ಜಾಗ ಎಲ್ಲಿಂದ ತರುವುದು? ಹಳೆಯ ಬ್ಯಾಕಪ್, ವೆಬ್ ಸರ್ವರ್ ಲಾಗ್, ಆಪ್ಟ್ ಕ್ಯಾಶ್, ಇವು ಸುರಕ್ಷಿತ. ಅಳಿಸಿದರೂ ಜಾಗ ಬರದಿದ್ದರೆ ಯಾವುದೋ ಪ್ರೊಸೆಸ್ ಆ ಫೈಲ್ ಹಿಡಿದುಕೊಂಡಿದೆ, "ಎಲ್‌ಎಸ್‌ಓಎಫ್ +ಎಲ್1" (+ ಪಕ್ಕದ ಎಲ್ ದೊಡ್ಡಕ್ಷರ) ತೋರಿಸುತ್ತದೆ. ಮೈಎಸ್‌ಕ್ಯೂಎಲ್ 8.0ರಿಂದ ಬೈನರಿ ಲಾಗ್ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ತಾನಾಗಿ ಆನ್ ಇರುತ್ತದೆ, 30 ದಿನ ಉಳಿಯುತ್ತದೆ. ಬರವಣಿಗೆ ಜಾಸ್ತಿ ಇರುವ ಕಡೆ ಡೇಟಾಗಿಂತ ಇದೇ ದೊಡ್ಡದಾಗಿರುತ್ತದೆ. ಇದನ್ನು "ಆರ್‌ಎಮ್" ಕೊಟ್ಟು ಅಳಿಸಬೇಡಿ. ಒಳಗೆ ಹೋಗಿ "ಪರ್ಜ್ ಬೈನರಿ ಲಾಗ್ಸ್" ಬಳಸಿ. ರೆಪ್ಲಿಕಾ (ಇದರ ನಕಲು ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಇದ್ದರೆ ಅದು ಎಲ್ಲಿಯವರೆಗೆ ಓದಿದೆ ಅಂತ ಮೊದಲು ನೋಡಿ.

ಒಂದು ಅಪವಾದ ಇದೆ. ಮೈಎಸ್‌ಕ್ಯೂಎಲ್ 5.7ರಂಥ ಹಳೆಯವುಗಳಲ್ಲಿ ದೊಡ್ಡ ಕ್ವೆರಿಗಳಿಂದ "ಐಬಿಟಿಎಂಪಿ1" ಅನ್ನುವ ತಾತ್ಕಾಲಿಕ ಫೈಲ್ ಹತ್ತಾರು ಜಿಬಿಗೆ ಬೆಳೆದಿರುತ್ತದೆ. ಅದು ಕುಗ್ಗುವುದು ಸರ್ವರ್ ಮತ್ತೆ ಶುರುವಾದಾಗಲೇ. ಅಲ್ಲಿ ಮಾತ್ರ, ಹೊತ್ತು ನೋಡಿ ನೀವೇ ರೀಸ್ಟಾರ್ಟ್ ಮಾಡಬೇಕಾಗುತ್ತದೆ.

ಅದೇ ಹೆಸರು ಹೋಲುವ "ಐಬಿಡೇಟಾ1" ಮತ್ತು ರೀಡೂ ಲಾಗ್ (ಕ್ರ್ಯಾಶ್ ಆದರೆ ಡೇಟಾ ಸರಿಪಡಿಸಲು ಬೇಕಾದ) ಫೈಲ್‌ಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. "ಲಾಗ್" ಅಂತ ಹೆಸರಿದೆ, ಬೇಡದ್ದಿರಬೇಕು ಅಂತ ಅಳಿಸಿ ಡೇಟಾ ಕಳೆದುಕೊಂಡವರು ಇದ್ದಾರೆ.

ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ

ಕೊನೆಗೆ ಸಿಸ್ಟಮ್‌ಡಿ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಅಂತ ಹೇಳಿ ಕೈಬಿಡುತ್ತದೆ. ಇದು ದೋಷ ಅಲ್ಲ, ರಕ್ಷಣೆ. ಹತ್ತು ಸೆಕೆಂಡ್‌ನೊಳಗೆ ಐದು ಸಲ ಎಬ್ಬಿಸಿ ನೋಡಿ ಸುಮ್ಮನಾಗಿದೆ. "ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್" ಕೊಟ್ಟು ಮತ್ತೆ ಒತ್ತುವ ಮುಂಚೆ ಎರರ್ ಲಾಗ್‌ನಲ್ಲಿ ಮೊದಲ "ಎರರ್" ಸಾಲು ಹುಡುಕಿ. ಕೊನೆಯದ್ದು "ಅಬಾರ್ಟಿಂಗ್" ಅಂತಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯದು.

"ಅನ್‌ನೋನ್ ವೇರಿಯೇಬಲ್" ಅಂದರೆ ಕಾನ್ಫಿಗ್ ತಪ್ಪು. 5.7ರಿಂದ 8.0ಕ್ಕೆ ಏರಿಸಿದವರು "ಕ್ವೆರಿ ಕ್ಯಾಶ್ ಸೈಜ್" ಸಾಲನ್ನು ಹಾಗೇ ಬಿಟ್ಟಿದ್ದರೆ ಸರ್ವರ್ ಏಳುವುದಿಲ್ಲ, ಆ ಸೌಲಭ್ಯವನ್ನೇ 8.0ರಲ್ಲಿ ತೆಗೆದುಹಾಕಿದ್ದಾರೆ. ಮೈಎಸ್‌ಕ್ಯೂಎಲ್ 8.0.16 ಮತ್ತು ಅದರ ನಂತರದ್ದರಲ್ಲಿ "ಮೈಎಸ್‌ಕ್ಯೂಎಲ್‌ಡಿ --ವ್ಯಾಲಿಡೇಟ್-ಕಾನ್ಫಿಗ್" ಕೊಟ್ಟು ಸರ್ವರ್ ಎಬ್ಬಿಸದೆಯೇ ಪರೀಕ್ಷಿಸಬಹುದು.

"ಪರ್ಮಿಷನ್ ಡಿನೈಡ್" ಅಥವಾ ನಂಬರ್ 13 ಇದ್ದು, ಡೇಟಾ ಫೋಲ್ಡರ್ ಅನ್ನು ಇತ್ತೀಚೆಗೆ ಬೇರೆ ಡಿಸ್ಕ್‌ಗೆ ಸರಿಸಿದ್ದರೆ, ಮಾಲೀಕ ಮೈಎಸ್‌ಕ್ಯೂಎಲ್ ಯೂಸರ್ ಹೌದಾ ನೋಡಿ. ಹೌದಾದರೂ ಏಳದಿದ್ದರೆ ಉಬುಂಟುವಿನಲ್ಲಿ ಆಪ್‌ಆರ್ಮರ್, ರೆಡ್‌ಹ್ಯಾಟ್‌ನಲ್ಲಿ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ವ್ಯವಸ್ಥೆ ತಡೆಯುತ್ತಿರುತ್ತದೆ. ಕರ್ನಲ್ ಲಾಗ್‌ನಲ್ಲಿ (ರೆಡ್‌ಹ್ಯಾಟ್‌ನಲ್ಲಿ ಆಡಿಟ್ ಲಾಗ್‌ನಲ್ಲಿ) "ಡಿನೈಡ್" ಅಂತ ಹುಡುಕಿ. ಆಪ್‌ಆರ್ಮರ್ ಆದರೆ ಹೊಸ ಜಾಗವನ್ನು ಅದರ ಪ್ರೊಫೈಲ್‌ಗೆ ಸೇರಿಸಿ, ಎಸ್‌ಇಲಿನಕ್ಸ್ ಆದರೆ ಹೊಸ ಜಾಗಕ್ಕೆ ಸರಿಯಾದ ಲೇಬಲ್ ಕೊಡಿ. 777 (ಎಲ್ಲರಿಗೂ ಎಲ್ಲ ಪರ್ಮಿಷನ್) ಕೊಡುವ ಚಪಲ ಬೇಡ. ಆಪ್‌ಆರ್ಮರ್ ಅದಕ್ಕೆ ಬಗ್ಗುವುದಿಲ್ಲ. ಇನ್ನು ಕಾನ್ಫಿಗ್ ಫೈಲ್‌ಗೂ 777 ಬಿದ್ದರೆ ಮೈಎಸ್‌ಕ್ಯೂಎಲ್ ಆ ಫೈಲನ್ನೇ ಓದದೆ ಬಿಡುತ್ತದೆ, ಆಗ ನಿಮ್ಮ ಸೆಟ್ಟಿಂಗ್ ಎಲ್ಲ ಮಾಯ.

"ಕರಪ್ಟ್", "ಪೇಜ್ ಚೆಕ್‌ಸಮ್" ಅನ್ನುವ ಮಾತು ಬಂದರೆ ಇಲ್ಲೇ ಆಟೋ ರೀಸ್ಟಾರ್ಟ್ ಆಫ್ ಮಾಡಿ, ಕೆಳಗಿನ "ಕೈ ನಿಲ್ಲಿಸಬೇಕಾದ ಜಾಗ" ಓದಿ.

ಮಾನಿಟರ್ ಒಂದು ಹೇಳುತ್ತದೆ, ನಿಜ ಇನ್ನೊಂದು

ಹಸಿರು ತೋರಿಸುತ್ತದೆ, ಸೈಟ್ ಸತ್ತಿದೆ: ಮಾನಿಟರ್, ಅಂದರೆ ಸರ್ವರ್ ಬದುಕಿದೆಯಾ ಅಂತ ಆಗಾಗ ನೋಡುವ ಪ್ರೋಗ್ರಾಂ, ಏನನ್ನು ಕೇಳುತ್ತಿದೆ ನೋಡಿ. ಪ್ರೊಸೆಸ್ ಇದೆಯಾ ಅಂತ ಮಾತ್ರ ಕೇಳಿದರೆ, ಡಿಸ್ಕ್ ತುಂಬಿ ಕಾಯುತ್ತಾ ಕೂತಾಗಲೂ "ಇದೆ" ಅನ್ನುತ್ತದೆ. "ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್" ಕೂಡ ಪಾಸ್‌ವರ್ಡ್ ತಪ್ಪಿದ್ದರೂ ಸೊನ್ನೆಯನ್ನೇ, ಅಂದರೆ ಯಶಸ್ಸನ್ನೇ, ವಾಪಸ್ ಕೊಡುತ್ತದೆ. ಸರ್ವರ್ ಉತ್ತರ ಕೊಟ್ಟಿತಲ್ಲ, ಅದಕ್ಕೆ ಅಷ್ಟೇ ಬೇಕು. ನಿಜ ತಿಳಿಯಬೇಕಾದರೆ ಲಾಗಿನ್ ಆಗಿ "ಸೆಲೆಕ್ಟ್ 1" ಓಡಿಸಿ. ಇನ್ನೂ ಒಳ್ಳೆಯದು, ಒಂದು ಸಾಲಿನ ಪುಟ್ಟ ಟೇಬಲ್ ಮಾಡಿ ಅದರಲ್ಲಿ ಸಮಯ ಅಪ್‌ಡೇಟ್ ಮಾಡಿಸಿ, ಐದು ಸೆಕೆಂಡ್‌ನ ಟೈಮ್‌ಔಟ್ ಇಟ್ಟು. ಬರೆಯಲು ಆಗದಿದ್ದಾಗ ಅಲ್ಲೇ ಸಿಕ್ಕಿಬೀಳುತ್ತದೆ. ಈ ಕೆಲಸಕ್ಕೆ ಬೇರೆ ಯೂಸರ್ ಮಾಡಿ, ಆ ಒಂದು ಟೇಬಲ್ ಬಿಟ್ಟು ಏನೂ ಅಧಿಕಾರ ಕೊಡಬೇಡಿ. ಪಾಸ್‌ವರ್ಡ್ ಸ್ಕ್ರಿಪ್ಟ್ ಒಳಗೆ ಬರೆಯುವ ಬದಲು 600 ಪರ್ಮಿಷನ್‌ನ (ಮಾಲೀಕ ಮಾತ್ರ ಓದಿ ಬರೆಯಬಲ್ಲ) ಕಾನ್ಫಿಗ್ ಫೈಲ್‌ನಲ್ಲಿ ಇಡಿ.

ಕೆಂಪು ತೋರಿಸುತ್ತದೆ, ಸೈಟ್ ಚೆನ್ನಾಗಿದೆ: ಮೇಲೆ ಬಿಟ್ಟಿದ್ದ 1129 ಇಲ್ಲಿ ಬರುತ್ತದೆ. ಬೇರೆ ಮಷಿನ್‌ನಿಂದ ಬರೀ 3306 ಪೋರ್ಟ್ ತೆರೆದು, ಸರ್ವರ್ ಕಳಿಸುವ ಮೊದಲ ಉತ್ತರ ನೋಡಿ, ಲಾಗಿನ್ ಆಗದೆ ಮುಚ್ಚುವ ಮಾನಿಟರ್‌ಗಳಿವೆ. ಮೈಎಸ್‌ಕ್ಯೂಎಲ್ ಅದನ್ನು ಅರ್ಧಕ್ಕೆ ಬಿಟ್ಟ ಸಂಪರ್ಕ ಅಂತ ಎಣಿಸುತ್ತದೆ. ನಡುವೆ ಒಂದೂ ಸರಿಯಾದ ಲಾಗಿನ್ ಇಲ್ಲದೆ ಅಂಥವು ನೂರಾದರೆ ಆ ಹೋಸ್ಟ್ ಅನ್ನೇ ಬ್ಲಾಕ್ ಮಾಡುತ್ತದೆ. ಮಾನಿಟರ್ "ಸತ್ತಿದೆ" ಅನ್ನುತ್ತದೆ, ರೀಸ್ಟಾರ್ಟ್ ಮಾಡುತ್ತದೆ, ರೀಸ್ಟಾರ್ಟ್‌ನಿಂದ ಎಣಿಕೆ ಅಳಿಸಿಹೋಗಿ ಸರಿಯಾಗುತ್ತದೆ, ನೂರು ಸುತ್ತಿಗೆ ಮತ್ತೆ ಅದೇ. ಸರಿಯಾದ ಅಂತರದಲ್ಲಿ, ಗಡಿಯಾರ ಇಟ್ಟ ಹಾಗೆ ಬೀಳುವ ಸರ್ವರ್ ಕಂಡರೆ ಇದನ್ನು ನೆನೆಯಿರಿ. ಎಚ್ಎಪ್ರಾಕ್ಸಿ (ಕನೆಕ್ಷನ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಮುಂದೆ ಇಟ್ಟುಕೊಂಡವರು ಬರೀ ಟಿಸಿಪಿ ಚೆಕ್ ಬಿಟ್ಟು ಅದರ ಮೈಎಸ್‌ಕ್ಯೂಎಲ್ ಚೆಕ್ ಅನ್ನು, ಯೂಸರ್ ಹೆಸರು ಕೊಟ್ಟು, ಬಳಸಬೇಕು. ಬ್ಲಾಕ್ ತೆಗೆಯಲು ಪರ್ಫಾರ್ಮೆನ್ಸ್ ಸ್ಕೀಮಾದ "ಹೋಸ್ಟ್ ಕ್ಯಾಶ್" ಟೇಬಲ್ ಟ್ರಂಕೇಟ್ ಮಾಡಿದರೆ ಆಯಿತು.

ಮಾನಿಟರೇ ಬೀಳಿಸುತ್ತಿದೆ: ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಸ್ಕ್ರಿಪ್ಟ್, ಪಿಂಗ್ ಸಿಗದಿದ್ದರೆ ರೀಸ್ಟಾರ್ಟ್. ಚೆಂದ ಕಾಣುತ್ತದೆ, ಅಲ್ವಾ? ಒಂದು ರಾತ್ರಿ ಸರ್ವರ್ ಹಠಾತ್ ಸಾಯುತ್ತದೆ. ಏಳುವಾಗ ಇನ್ನೋಡಿಬಿ ರೀಡೂ ಲಾಗ್ ಓದಿ ಕ್ರ್ಯಾಶ್ ರಿಕವರಿ ಮಾಡುತ್ತದೆ, ದೊಡ್ಡ ಡೇಟಾ ಇದ್ದರೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಪಿಂಗ್‌ಗೆ ಉತ್ತರ ಬರುವುದಿಲ್ಲ. ಸ್ಕ್ರಿಪ್ಟ್ ಮತ್ತೆ ರೀಸ್ಟಾರ್ಟ್ ಒತ್ತುತ್ತದೆ. ರಿಕವರಿ ಮೊದಲಿಂದ. ಬೆಳಗಾಗುವವರೆಗೂ ಇದೇ. ಲಾಗ್‌ನಲ್ಲಿ "ಕ್ರ್ಯಾಶ್ ರಿಕವರಿ" ಸಾಲು ಮತ್ತೆ ಮತ್ತೆ ಇದ್ದು "ರೆಡಿ ಫಾರ್ ಕನೆಕ್ಷನ್ಸ್" ಒಂದೂ ಇಲ್ಲದಿದ್ದರೆ ಮೊದಲು ಕ್ರಾನ್ ನಿಲ್ಲಿಸಿ, ಕೈ ಕಟ್ಟಿ ಕೂತು ಕಾಯಿರಿ.

ಹಾಗಾದರೆ ರೀಸ್ಟಾರ್ಟ್ ಎಲ್ಲಿ ಇಡುವುದು

ಕ್ರಾನ್ ಬೇಡ, ಸಿಸ್ಟಮ್‌ಡಿಗೇ ಬಿಡಿ. ಪ್ರೊಸೆಸ್ ಸತ್ತದ್ದು ಅದಕ್ಕೆ ಆ ಕ್ಷಣವೇ ಗೊತ್ತಾಗುತ್ತದೆ, ರಿಕವರಿ ನಡೆಯುತ್ತಿದ್ದರೆ ಅದೂ ಗೊತ್ತಿರುತ್ತದೆ. "ಸಿಸ್ಟಮ್‌ಸಿಟಿಎಲ್ ಕ್ಯಾಟ್ ಮೈಎಸ್‌ಕ್ಯೂಎಲ್" ಕೊಟ್ಟು ಈಗಾಗಲೇ ಏನಿದೆ ನೋಡಿ. ಮೈಎಸ್‌ಕ್ಯೂಎಲ್ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ "ರೀಸ್ಟಾರ್ಟ್=ಆನ್-ಫೇಲ್ಯೂರ್" ಆಗಲೇ ಇರುತ್ತದೆ. ಮರಿಯಾಡಿಬಿಯಲ್ಲಿ ಬೇರೆ ಇರಬಹುದು. "ಆಲ್ವೇಸ್" ಹಾಕಬೇಡಿ, ಕಾರಣ ಇದ್ದು ಸರಿಯಾಗಿ ನಿಂತ ಸರ್ವರನ್ನೂ ಅದು ಎಬ್ಬಿಸುತ್ತದೆ.

ಬದಲಾವಣೆಯನ್ನು ಮೂಲ ಫೈಲ್‌ನಲ್ಲಿ ಮಾಡಿದರೆ ಮುಂದಿನ ಅಪ್‌ಡೇಟ್ ಅಳಿಸುತ್ತದೆ. "ಸಿಸ್ಟಮ್‌ಸಿಟಿಎಲ್ ಎಡಿಟ್ ಮೈಎಸ್‌ಕ್ಯೂಎಲ್" ಬಳಸಿ. ಸರ್ವಿಸ್ ಭಾಗದಲ್ಲಿ "ರೀಸ್ಟಾರ್ಟ್‌ಸೆಕ್=30", ಯೂನಿಟ್ ಭಾಗದಲ್ಲಿ "ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್=600" ಮತ್ತು "ಸ್ಟಾರ್ಟ್‌ಲಿಮಿಟ್‌ಬರ್ಸ್ಟ್=4" ಇಟ್ಟರೆ ಹತ್ತು ನಿಮಿಷದಲ್ಲಿ ನಾಲ್ಕು ಸಲ ನೋಡಿ ಕೈಬಿಡುತ್ತದೆ. ಈ ಮೂರನ್ನೂ ಜೊತೆಗೇ ಬದಲಿಸಬೇಕು. ಮೊದಲನೆಯದನ್ನು ಮಾತ್ರ 30ಕ್ಕೆ ಏರಿಸಿದರೆ, ಹತ್ತು ಸೆಕೆಂಡ್‌ನಲ್ಲಿ ಐದು ಸಲ ಅನ್ನುವ ಹಳೆಯ ಮಿತಿ ಯಾವತ್ತೂ ತಾಗುವುದೇ ಇಲ್ಲ. ಕೆಟ್ಟ ಡೇಟಾ ಮೇಲೆ ಸರ್ವರ್ ಕೊನೆಯಿಲ್ಲದೆ ಏಳುತ್ತಾ ಬೀಳುತ್ತಾ ಇರುತ್ತದೆ. ಯೂನಿಟ್ ಭಾಗದಲ್ಲೇ "ಆನ್‌ಫೇಲ್ಯೂರ್=" ಕೊಟ್ಟು ಮೇಲ್ ಅಥವಾ ಮೆಸೇಜ್ ಕಳಿಸುವ ಇನ್ನೊಂದು ಪುಟ್ಟ ಸರ್ವಿಸ್ ಜೋಡಿಸಿ. ಮಿತಿ ಮುಗಿದು ಕೈಬಿಟ್ಟಾಗ ಅದು ಓಡುತ್ತದೆ.

ಮಾನಿಟ್ (ಸರ್ವಿಸ್‌ಗಳ ಮೇಲೆ ಕಣ್ಣಿಡುವ ಒಂದು ಸಾಫ್ಟ್‌ವೇರ್) ಬಳಸುವವರು ಅದಕ್ಕೆ ಬರೀ ಎಚ್ಚರಿಕೆ ಕೊಡುವ ಕೆಲಸ ಕೊಡಿ ಅನ್ನುವುದು ನನ್ನ ಅಭಿಪ್ರಾಯ. ಸಿಸ್ಟಮ್‌ಡಿ ಮತ್ತು ಮಾನಿಟ್ ಇಬ್ಬರೂ ಎಬ್ಬಿಸಲು ಹೊರಟರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ. ಅದರಿಂದಲೇ ರೀಸ್ಟಾರ್ಟ್ ಬೇಕೇ ಬೇಕು ಅಂದರೆ "ಮೂರು ಸೈಕಲ್ ಸತತ ಫೇಲ್ ಆದರೆ" ಅನ್ನುವ ಷರತ್ತು ಮತ್ತು ಇಷ್ಟು ರೀಸ್ಟಾರ್ಟ್ ಆದ ಮೇಲೆ ಬಿಟ್ಟುಬಿಡು ಅನ್ನುವ ಮಿತಿ ಎರಡೂ ಇರಲಿ. ಮೇಂಟೆನೆನ್ಸ್‌ಗೆ ಮುಂಚೆ "ಮಾನಿಟ್ ಅನ್‌ಮಾನಿಟರ್" ಮರೆಯಬೇಡಿ, ಅಪ್‌ಗ್ರೇಡ್ ಮಧ್ಯೆ ಅದು ಸರ್ವಿಸ್ ಎಬ್ಬಿಸಿಬಿಟ್ಟರೆ ಕಷ್ಟ. ಡಾಕರ್‌ನಲ್ಲಿ ಹೆಲ್ತ್‌ಚೆಕ್ ಬರೆದಿದ್ದೇವೆ, ತಾನೇ ಎಬ್ಬಿಸುತ್ತದೆ ಅಂತ ನಂಬಿದವರಿಗೆ: ಬರೀ ಡಾಕರ್ "ಅನ್‌ಹೆಲ್ದಿ" ಅಂತ ಗುರುತು ಹಾಕುತ್ತದೆ, ರೀಸ್ಟಾರ್ಟ್ ಮಾಡುವುದಿಲ್ಲ.

ಎಚ್ಚರಿಕೆ ಕೊಡುವ ಒಂದು ಚೆಕ್ ಆದರೂ ಬೇರೆ ಮಷಿನ್‌ನಲ್ಲಿ ಇರಬೇಕು. ಮಷಿನ್ ಪೂರ್ತಿ ಬಿದ್ದಾಗ ಅದರೊಳಗಿನ ಮಾನಿಟರ್ ಯಾರಿಗೂ ಮೆಸೇಜ್ ಕಳಿಸಲಾರದು.

ಕೈ ನಿಲ್ಲಿಸಬೇಕಾದ ಜಾಗ

"ಡಿಎಂಇಎಸ್‌ಜಿ"ಯಲ್ಲಿ "ಐ/ಓ ಎರರ್" ಬರುತ್ತಿದೆ, ಅಥವಾ ಫೈಲ್ ಸಿಸ್ಟಮ್ ರೀಡ್-ಓನ್ಲಿ ಆಗಿದೆ. ಡಿಸ್ಕ್ ಸಾಯುತ್ತಿದೆ. ಪ್ರತಿ ರೀಸ್ಟಾರ್ಟ್ ಕೂಡ ಅದರ ಆಯುಷ್ಯ ತಿನ್ನುತ್ತದೆ. ಸರ್ವಿಸ್ ನಿಲ್ಲಿಸಿ, ಓದಲು ಆಗುವಷ್ಟನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಮೌಂಟ್ ಆಗಿರುವ ಡಿಸ್ಕ್ ಮೇಲೆ "ಎಫ್‌ಎಸ್‌ಸಿಕೆ" ಓಡಿಸಬೇಡಿ.

ಇನ್ನೋಡಿಬಿ ಕರಪ್ಟ್ ಆಗಿದೆ. "ಇನ್ನೋಡಿಬಿ ಫೋರ್ಸ್ ರಿಕವರಿ" ಅನ್ನುವ ಸೆಟ್ಟಿಂಗ್ 1ರಿಂದ 6ರವರೆಗೆ ಇದೆ. 4 ಮತ್ತು ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು. ಮುಟ್ಟುವ ಮುಂಚೆ ಸರ್ವರ್ ನಿಲ್ಲಿಸಿ ಇಡೀ ಡೇಟಾ ಫೋಲ್ಡರ್‌ನ ನಕಲು ತೆಗೆಯಿರಿ. 1ರಿಂದ ಶುರು ಮಾಡಿ, ಎದ್ದ ತಕ್ಷಣ ಡಂಪ್ ತೆಗೆದುಕೊಳ್ಳಿ. 3ಕ್ಕೂ ಏಳದಿದ್ದರೆ ತಿಳಿದ ಡಿಬಿಎ (ಡೇಟಾಬೇಸ್ ಪರಿಣತ) ಒಬ್ಬರನ್ನು ಕರೆಯಿರಿ. ಚಾಲ್ತಿಯಲ್ಲಿರುವ ಬ್ಯಾಕಪ್ ಇದ್ದರೆ ಈ ಗೋಜಿಗೆ ಹೋಗದೆ ಅದನ್ನೇ ಹಾಕುವುದು ಎಷ್ಟೋ ಮೇಲು.

ಲಾಗ್‌ನಲ್ಲಿ ಸೆಮಾಫೋರ್‌ಗಾಗಿ (ಒಳಗಿನ ಒಂದು ಬಗೆಯ ಲಾಕ್) 600 ಸೆಕೆಂಡ್‌ಗಿಂತ ಜಾಸ್ತಿ ಕಾದು ಬೇಕೆಂದೇ ಕ್ರ್ಯಾಶ್ ಮಾಡಿಕೊಂಡೆ ಅಂತ ಬರೆದಿದೆ. ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಇನ್ನೋಡಿಬಿಯೇ ತೀರ್ಮಾನಿಸಿದೆ. ಒಂದು ಸಲ ಆದರೆ ಡಿಸ್ಕ್ ನಿಧಾನ ಇತ್ತಾ ನೋಡಿ. ಮತ್ತೆ ಮತ್ತೆ ಆದರೆ ಆ ಲಾಗ್ ಸಮೇತ ಸಹಾಯ ಕೇಳಿ.

ರೆಪ್ಲಿಕೇಷನ್ ಅಥವಾ ಗಲೇರಾ ಕ್ಲಸ್ಟರ್ ಇದೆ, ಅಂದರೆ ಒಂದೇ ಡೇಟಾ ಹಲವು ಸರ್ವರ್‌ಗಳಲ್ಲಿದೆ. ಬಿದ್ದ ಹಳೆಯ ಪ್ರೈಮರಿ (ಬರವಣಿಗೆ ತೆಗೆದುಕೊಳ್ಳುವ ಮುಖ್ಯ ಸರ್ವರ್) ತಾನಾಗಿ ಎದ್ದು ಬರವಣಿಗೆ ತೆಗೆದುಕೊಳ್ಳಲು ಶುರು ಮಾಡಿದರೆ, ಹೊಸ ಪ್ರೈಮರಿಯೂ ತೆಗೆದುಕೊಳ್ಳುತ್ತಿದ್ದರೆ, ಡೇಟಾ ಎರಡು ದಾರಿ ಹಿಡಿಯುತ್ತದೆ. ಜೋಡಿಸುವುದು ನರಕ. ಇಂಥ ಕಡೆ ಎಬ್ಬಿಸುವ ತೀರ್ಮಾನ ಮನುಷ್ಯರದ್ದೇ ಆಗಿರಲಿ.

ಕೊನೆಯದಾಗಿ "ಕಿಲ್ -9", ಅಂದರೆ ಬಲವಂತವಾಗಿ ಕೊಲ್ಲುವುದು. ಸ್ಟಾಪ್ ಕೊಟ್ಟು ಐದು ನಿಮಿಷ ಆದರೂ ನಿಲ್ಲುತ್ತಿಲ್ಲ ಅಂದರೆ ಅದು ಬಫರ್ ಪೂಲ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆಯುತ್ತಿರಬಹುದು. "ಐಓಸ್ಟ್ಯಾಟ್" ನೋಡಿ. ಡಿಸ್ಕ್ ಓಡಾಡುತ್ತಿದ್ದರೆ ಬಿಡಿ, ಮುಗಿಸಲಿ.

ಹಾಕಿದ್ದು ಕೆಲಸ ಮಾಡುತ್ತದಾ?

ಪರೀಕ್ಷೆಗೆ ಅಂತ ಇರುವ ಮಷಿನ್‌ನಲ್ಲಿ ನೋಡಿ, ಲೈವ್ ಸರ್ವರ್‌ನಲ್ಲಿ ಬೇಡ. "ಸಿಸ್ಟಮ್‌ಸಿಟಿಎಲ್ ಸ್ಟಾಪ್" ಕೊಟ್ಟು "ಏಳಲಿಲ್ಲವಲ್ಲ" ಅಂತ ಗಾಬರಿಯಾಗಬೇಡಿ. ನೀವೇ ನಿಲ್ಲಿಸಿದ್ದನ್ನು ಸಿಸ್ಟಮ್‌ಡಿ ಎಬ್ಬಿಸುವುದಿಲ್ಲ, ಎಬ್ಬಿಸಲೂಬಾರದು. ಬರೀ "ಕಿಲ್" ಕೊಟ್ಟರೂ ಮೈಎಸ್‌ಕ್ಯೂಎಲ್ ಶಿಸ್ತಾಗಿ ನಿಲ್ಲುತ್ತದೆ, ಆನ್-ಫೇಲ್ಯೂರ್ ಅದನ್ನು ಸೋಲು ಅಂತ ಎಣಿಸುವುದಿಲ್ಲ. "ಸಿಸ್ಟಮ್‌ಸಿಟಿಎಲ್ ಕಿಲ್ -ಎಸ್ ಸಿಗ್‌ಕಿಲ್ ಮೈಎಸ್‌ಕ್ಯೂಎಲ್" ಕೊಟ್ಟಾಗ 30 ಸೆಕೆಂಡ್ ಬಿಟ್ಟು ತಾನೇ ಎದ್ದರೆ ಮೊದಲ ಅರ್ಧ ಸರಿ. ಆಮೇಲೆ ಕಾನ್ಫಿಗ್‌ನಲ್ಲಿ ಬೇಕೆಂದೇ ಒಂದು ತಪ್ಪು ಸಾಲು ಸೇರಿಸಿ ಮತ್ತೆ ಸ್ಟಾರ್ಟ್ ಕೊಡಿ. ನಾಲ್ಕು ಸಲದೊಳಗೆ ಕೈಬಿಟ್ಟು, ನಿಮ್ಮ ಫೋನ್‌ಗೆ ಮೆಸೇಜ್ ಬರಬೇಕು. ಬರದಿದ್ದರೆ "ಜರ್ನಲ್‌ಸಿಟಿಎಲ್ -ಯು" ಕೊಟ್ಟು ಆ ಮೆಸೇಜ್ ಸರ್ವಿಸ್‌ನ ಲಾಗ್ ನೋಡಿ. ಸಾಮಾನ್ಯವಾಗಿ ಸ್ಕ್ರಿಪ್ಟ್‌ಗೆ ಓಡುವ ಪರ್ಮಿಷನ್ ಇರುವುದಿಲ್ಲ, ಅಥವಾ ಸರ್ವರ್‌ನಿಂದ ಮೇಲ್ ಹೊರಗೇ ಹೋಗುತ್ತಿರುವುದಿಲ್ಲ.